ಹೊದೆಯುವುದಕ್ಕೋ, ತೋರಿಸುವುದಕ್ಕೋ? ಮರೆತ ಕೈಗೆಲಸಕ್ಕೆ ಮರಳುವವರಿಗೊಂದು ಮಾರ್ಗದರ್ಶಿ

ನಲವತ್ತು ದಾಟಿದ ಮೇಲೆ ಒಂದು ದಿನ ನನಗೆ ಕಲೆಯ ಹುಕಿ ಬಂತು. ಮೊದಲು ಮಾಡಿದ ಕೆಲಸ ಅಂಗಡಿಗೆ ಹೋದದ್ದು. ಜಲವರ್ಣದ ಡಬ್ಬಿ, ಏಳು ಕುಂಚ, ದಪ್ಪ ಹಾಳೆಯ ಪುಸ್ತಕ, ಮಡಚಿ ಇಡಬಹುದಾದ ಈಸೆಲ್, ಎಲ್ಲವೂ ಬಾಗಲಕೋಟೆಯ ನವನಗರದ ನಮ್ಮ ಮನೆಗೆ ಬಂದವು. ಡಬ್ಬಿಯ ಬಣ್ಣ ಬಿರುಕು ಬಿಟ್ಟು ಒಣಗಿತು. ಈಸೆಲ್ ಮೇಲೆ ಈಗ ಟವೆಲ್ ಒಣಗುತ್ತದೆ.

ಪಕ್ಕದ ಮನೆಯ ಅಜ್ಜಿ ಒಮ್ಮೆ ನಾನು ಅರ್ಧಕ್ಕೆ ಬಿಟ್ಟಿದ್ದ ಚಿತ್ರವನ್ನು ನೋಡಿ, ಕನ್ನಡಕ ಸರಿಮಾಡಿಕೊಂಡು ಕೇಳಿದರು: ‘ತಂಗಿ, ಇದು ಹೊದೆಯುವುದಕ್ಕೋ, ತೋರಿಸುವುದಕ್ಕೋ?’ ಅವರಿಗೆ ಗೊತ್ತಿದ್ದ ಕೈಗೆಲಸ ಕೌದಿ, ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಕೂಡಿಸಿ ಹೊಲಿಯುವ ಹೊದಿಕೆ. ಹಾಗಾಗಿ ಮಾತು ಹಾಗೆ ಬಂತು. ಆದರೆ ಅದು ತಟ್ಟಿತು. ನಾನು ತೋರಿಸುವುದಕ್ಕೆಂದೇ ಕೂತಿದ್ದೆ. ಒಂದು ಗೆರೆ ಎಳೆಯುವ ಮೊದಲೇ ಅದನ್ನು ನೋಡುವವರ ಮುಖ ಕಣ್ಣ ಮುಂದೆ ಬರುತ್ತಿತ್ತು. ಅಂಥ ಗೆರೆ ನೆಟ್ಟಗೆ ಬರುವುದಾದರೂ ಹೇಗೆ?

ಚಿಕ್ಕವರಿದ್ದಾಗ ಹೀಗಿರಲಿಲ್ಲ. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವ, ದೀಪಾವಳಿಗೆ ಸಗಣಿಯ ಪಾಂಡವರು, ದಿನ ಬೆಳಗಾದರೆ ಅಂಗಳದಲ್ಲಿ ರಂಗೋಲಿ. ವರ್ಷವಿಡೀ ಏನಾದರೊಂದನ್ನು ಕೈ ಮಾಡುತ್ತಲೇ ಇತ್ತು. ಯಾರೂ ಅಂಕ ಕೊಡುತ್ತಿರಲಿಲ್ಲ. ಅಂಕ ಕೊಟ್ಟದ್ದು ಶಾಲೆಯ ಚಿತ್ರಕಲೆಯ ತರಗತಿ: ಹತ್ತಕ್ಕೆ ನಾಲ್ಕು. ನನಗೆ ಚಿತ್ರ ಬರುವುದಿಲ್ಲ ಎಂಬ ತೀರ್ಪನ್ನು ಮೂವತ್ತು ವರ್ಷ ಹೊತ್ತು ತಿರುಗಿದೆ. ಆ ನಡುವೆಯೂ ಕಾರಹುಣ್ಣಿಮೆ, ಪಂಚಮಿ, ಗೌರಿ ಹುಣ್ಣಿಮೆಗಳಿಗೆ ಬಾಗಿಲ ಮುಂದೆ ಇಪ್ಪತ್ತೊಂದು ಚುಕ್ಕಿಯ ರಂಗೋಲಿಯನ್ನು ಒಮ್ಮೆಯೂ ಅಳಿಸದೆ ಬಿಡಿಸುತ್ತಿದ್ದೆ ಎಂಬುದು ಲೆಕ್ಕಕ್ಕೇ ಬಂದಿರಲಿಲ್ಲ.

ಹಾಗಾಗಿ ಈ ದಾರಿ ಅಂಗಡಿಯಿಂದ ಶುರುವಾಗುವುದಿಲ್ಲ. ಸಾದಾ ಹೊಲಿಗೆಯಿಂದ ಹೊರಟು ಮೆಟ್ಟಿಲಿನ ಗೆರೆಗೆ, ಅಲ್ಲಿಂದ ಬಾಗುಗೆರೆಗೆ, ಕೊನೆಗೆ ಮಣ್ಣಿನ ಮುದ್ದೆಗೆ ಬರುತ್ತದೆ. ನಾನು ನಡೆದದ್ದು ಹೀಗೆ. ನಿಮಗೆ ಬೇರೆ ಕ್ರಮ ಒಗ್ಗಬಹುದು, ಆದರೆ ಕೌದಿಯನ್ನು ಮಾತ್ರ ಬಿಡಬೇಡಿ ಎನ್ನುತ್ತೇನೆ.

ಮೊದಲು ಟ್ರಂಕು ತೆರೆಯಿರಿ

ಒಂದು ಭಾನುವಾರ ಮಧ್ಯಾಹ್ನ ಮನೆಯ ಟ್ರಂಕು, ಅಟ್ಟ, ಕಪಾಟಿನ ಕೆಳಗಿನ ಖಾನೆಗಳನ್ನು ತೆಗೆದು, ಕೈಗೆಲಸಕ್ಕೆ ಒದಗುವ ವಸ್ತುಗಳನ್ನೆಲ್ಲ ನೆಲದ ಮೇಲೆ ಹರಡಿ. ನಮ್ಮ ಮನೆಯಲ್ಲಿ ಸಿಕ್ಕಿದ್ದು ಇಷ್ಟು: ಅವ್ವನ ಸವೆದ ಇಳಕಲ್ ಸೀರೆ ಒಂದು, ಹತ್ತಿಯ ಹಳೆಯ ಸೀರೆ ಎರಡು, ಅಪ್ಪನ ಧೋತರ, ಗುಳೇದಗುಡ್ಡದ ಖಣದ (ಕುಪ್ಪಸದ ಬಟ್ಟೆಯ) ಚೂರುಗಳು, ಬಿಸ್ಕತ್ತಿನ ಡಬ್ಬಿಯಲ್ಲಿ ಗುಂಡಿ ಮತ್ತು ದಾರ, ಮಗನ ಅರ್ಧ ಸವೆದ ಪೆನ್ಸಿಲ್‌ಗಳು. ಹಳೆಯ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿಯ ಹಿನ್ನೀರಿಗೆ ಹೋದಾಗ ಹೊತ್ತು ತಂದ ಟ್ರಂಕು ಅದು. ಇಲ್ಲಿಗೆ ಬಂದ ಮೇಲೆ ಪೂರ್ತಿ ಖಾಲಿ ಮಾಡಿರಲೇ ಇಲ್ಲ.

ಈಗ ಒಂದು ಹಾಳೆಯಲ್ಲಿ ನಿಮ್ಮ ಕೈ ಈಗಾಗಲೇ ಬಲ್ಲ ಕೆಲಸಗಳನ್ನು ಬರೆಯಿರಿ. ರೊಟ್ಟಿ ಬಡಿಯುವುದು, ಹೂ ಕಟ್ಟುವುದು, ಗುಂಡಿ ಹಚ್ಚುವುದು, ಪುಸ್ತಕಕ್ಕೆ ರಟ್ಟು ಹಾಕುವುದು. ಜೋಳದ ಹಿಟ್ಟಿನ ಉಂಡೆಯನ್ನು ಅಂಚು ಹರಿಯದಂತೆ ದುಂಡಗೆ ಬಡಿಯಬಲ್ಲ ಅಂಗೈಗೆ ಒತ್ತಡದ ಹದ ತಿಳಿದಿರುತ್ತದೆ. ಮಣ್ಣೂ ಅದೇ ಹದವನ್ನು ಕೇಳುತ್ತದೆ. ಹೂ ಕಟ್ಟುವ ಬೆರಳಿಗೆ ದಾರದ ಬಿಗಿ ಗೊತ್ತು. ಪಟ್ಟಿಯಲ್ಲಿ ಮೂರು ಕೆಲಸಗಳಿದ್ದರೂ ಸಾಕು.

ಜಾಗ, ಹೊತ್ತು

ಕಿಟಕಿಯ ಹತ್ತಿರ ಒಂದು ಚಾಪೆ. ದಿನಕ್ಕೆ ಅರ್ಧ ಗಂಟೆ. ಮೊಬೈಲ್ ಬೇರೆ ಕೋಣೆಯಲ್ಲಿ. ನಾನು ಕಚೇರಿಯಿಂದ ಬಂದು ಚಹಾ ಕುಡಿದ ಮೇಲೆ ಕೂರುತ್ತೇನೆ. ಧಾರಾವಾಹಿ ಹಚ್ಚುವ ಮೊದಲೇ ಏಳುತ್ತೇನೆ. ಹೆಚ್ಚು ಹೊತ್ತು ಕೂತ ದಿನ ಮರುದಿನಕ್ಕೆ ನೆಪ ಹುಟ್ಟುತ್ತದೆ. ಸೂಜಿಯನ್ನು ಹೊಲಿಗೆಯ ನಡುವೆಯೇ ಚುಚ್ಚಿಟ್ಟು ಏಳಿ, ಸಾಲು ಮುಗಿಸಿ ಏಳಬೇಡಿ. ಅರ್ಧಕ್ಕೆ ನಿಂತ ಸಾಲು ಮರುದಿನ ತಾನೇ ಕರೆಯುತ್ತದೆ.

ಕೌದಿ: ಇದರಲ್ಲೇ ಒಂದು ತಿಂಗಳು ಇರಿ

ನಮ್ಮ ಕಡೆ ಕೌದಿ ಇಲ್ಲದ ಮನೆ ಇಲ್ಲ. ಗೊಂದಳಿ ಸಮುದಾಯದ ಹೆಣ್ಣುಮಕ್ಕಳು ಮನೆಗಳಿಗೆ ಬಂದು ಹೊಲಿದುಕೊಡುತ್ತಿದ್ದರು. ಉಳಿದವರು ಮಧ್ಯಾಹ್ನದ ಹೊತ್ತು ಕಟ್ಟೆಯ ಮೇಲೆ ಒಟ್ಟಿಗೆ ಕೂತು ಹೊಲಿಯುತ್ತಿದ್ದರು. ಹೊಸಬರು ದೊಡ್ಡ ಕೌದಿಗೆ ಕೈ ಹಾಕಬಾರದು. ಕೂಸಿನ ಕೌದಿ ಹೊಲಿಯಿರಿ. 75 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಉದ್ದ, ನಾಲ್ಕು ಪದರ: ಕೆಳಗೆ ಇಡಿಯಾದ ಧೋತರ, ನಡುವೆ ಹಳೆಯ ಸೀರೆಯ ಎರಡು ಪದರ, ಮೇಲೆ ತುಂಡುಗಳನ್ನು ಜೋಡಿಸಿದ ಹೊದಿಕೆ.

ಬಟ್ಟೆಗಳನ್ನೆಲ್ಲ ಮೊದಲು ಒಗೆದು ಒಣಗಿಸಿ. ಹಳೆಯ ಬಟ್ಟೆ ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗಿ ಮುಗಿದಿರುತ್ತದೆ. ಹೊಸ ಬಟ್ಟೆಯನ್ನು ಒಗೆಯದೆ ಅದರ ಜೊತೆ ಸೇರಿಸಿದರೆ ಮೊದಲ ಒಗೆತದಲ್ಲಿ ಅದೊಂದೇ ಕುಗ್ಗಿ ಕೌದಿ ಸೊಟ್ಟಗಾಗುತ್ತದೆ. ಇದಕ್ಕಿಂತ ಮುಖ್ಯ ಬಣ್ಣದ ಪರೀಕ್ಷೆ. ಬಿಳಿ ಬಟ್ಟೆಯ ಚೂರನ್ನು ಒದ್ದೆ ಮಾಡಿ ಪ್ರತಿಯೊಂದು ತುಂಡಿನ ಮೇಲೂ ಗಟ್ಟಿಯಾಗಿ ಉಜ್ಜಿ ನೋಡಿ. ನಾನು ಉಜ್ಜಲಿಲ್ಲ. ಅವ್ವ ಇಷ್ಟು ವರ್ಷ ಉಟ್ಟ ಸೀರೆ, ಇನ್ನೇನು ಬಣ್ಣ ಬಿಟ್ಟೀತು ಎಂಬ ಧೈರ್ಯ. ಮೊದಲ ಕೌದಿಯನ್ನು ನೀರಿಗೆ ಹಾಕಿದ್ದೇ ಸೆರಗಿನ ಕೆಂಪು ಅಪ್ಪನ ಧೋತರಕ್ಕೆ ಇಳಿದು, ಇಡೀ ಕೌದಿ ಬೀಟ್‌ರೂಟ್ ಪಲ್ಯ ಚೆಲ್ಲಿದಂತಾಯಿತು. ಆ ಕೌದಿ ಈಗ ಇಸ್ತ್ರಿ ಮಾಡುವಾಗ ಹಾಸಲು ಇದೆ. ಮುಂದೆ ಹೇಳುವುದು ಎರಡನೆಯದರ ಕಥೆ.

ಇಳಕಲ್ ಸೀರೆ ಕತ್ತರಿಸುವಾಗ ಒಂದು ಎಚ್ಚರ. ಅದರ ಒಡಲು ಬೇರೆ, ಸೆರಗು ಬೇರೆ. ಒಡಲು ಸಾಮಾನ್ಯವಾಗಿ ಹತ್ತಿಯದು, ಸೆರಗು ರೇಷ್ಮೆಯದು. ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸುತ್ತಾರೆ. ತೋಪು ತೆನಿ ಎಂದು ಅದರ ಹೆಸರು. ಕತ್ತರಿ ಹಾಕುವ ಮೊದಲು ಆ ಕೂಡುವ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿ. ಎರಡು ಬಟ್ಟೆಗಳು ಹೊಲಿಗೆಯೇ ಇಲ್ಲದೆ ಒಂದಾದ ಬಗೆಯನ್ನು ನೋಡುತ್ತ ನಾನು ಕಾಲು ಗಂಟೆ ಕಳೆದೆ. ಆ ಪಟ್ಟಿಯನ್ನು ಕತ್ತರಿಸದೆ ಇಡಿಯಾಗಿ ಉಳಿಸಿಕೊಂಡೆ. ಸೀರೆಯ ಅಂಚು ಒತ್ತಾದ ನೇಯ್ಗೆ, ಸೂಜಿಗೆ ಬಗ್ಗುವುದಿಲ್ಲ. ಅದನ್ನು ಮೇಲಿನ ಪದರದಲ್ಲಿ ಮಾತ್ರ ಬಳಸಿ. ಖಣದ ಚೂರಿನ ಎಳೆಗಳು ಬೇಗ ಬಿಚ್ಚಿಕೊಳ್ಳುತ್ತವೆ, ಹಾಗಾಗಿ ಅದಕ್ಕೆ ಮಡಿಕೆ ಸ್ವಲ್ಪ ಹೆಚ್ಚು ಬಿಡಬೇಕು.

ಮೇಲಿನ ಹೊದಿಕೆಗೆ 17 ಸೆಂಟಿಮೀಟರ್‌ನ 30 ಚೌಕಗಳನ್ನು ಕತ್ತರಿಸಿ. ಸುತ್ತಲೂ ಒಂದೊಂದು ಸೆಂಟಿಮೀಟರ್ ಹೊಲಿಗೆಗೆ ಹೋದರೆ 15 ಉಳಿಯುತ್ತದೆ. ಅಡ್ಡಕ್ಕೆ ಐದು, ಉದ್ದಕ್ಕೆ ಆರು. ಹೊಲಿಯುವ ಮೊದಲು ಮೂವತ್ತನ್ನೂ ನೆಲದ ಮೇಲೆ ಹರಡಿ, ಅತ್ತಿತ್ತ ಬದಲಿಸುತ್ತ ಕೂರಿ. ನೀವು ಏನನ್ನೂ ರಚಿಸುತ್ತಿಲ್ಲ, ಬರೀ ಬದಲಿಸುತ್ತಿದ್ದೀರಿ ಎಂದುಕೊಳ್ಳಿ, ಕೈಗೆ ಭಯ ಇರುವುದಿಲ್ಲ. ಮೊಬೈಲ್ ಅನ್ನು ಈಗ ಒಂದು ಸಲ ಮಾತ್ರ ತರಿಸಿಕೊಂಡು ಕಪ್ಪು ಬಿಳುಪಿನಲ್ಲಿ ಫೋಟೊ ತೆಗೆಯಿರಿ. ಬಣ್ಣ ಅಳಿದ ಮೇಲೆ ಗಾಢ ಯಾವುದು, ತೆಳು ಯಾವುದು ಎಂಬುದಷ್ಟೇ ಕಾಣುತ್ತದೆ. ನನ್ನ ಗಾಢ ಚೌಕಗಳೆಲ್ಲ ಒಂದೇ ಮೂಲೆಗೆ ಜಗಳವಾಡಿಕೊಂಡವರಂತೆ ಸರಿದು ಕೂತಿದ್ದವು. ಕಣ್ಣಿಗೆ ಅದು ಕಂಡಿರಲಿಲ್ಲ.

ಚೌಕಗಳನ್ನು ಸಾಲುಸಾಲಾಗಿ ಹೊಲಿದು, ಸಾಲುಗಳನ್ನು ಒಂದಕ್ಕೊಂದು ಕೂಡಿಸಿ. ಇಲ್ಲಿ ಹೊಲಿಗೆ ಯಂತ್ರ ಬಳಸಿದರೂ ತಪ್ಪಿಲ್ಲ. ಧೋತರವನ್ನು ನಾಲ್ಕೂ ಬದಿ ಐದು ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಿ ನೆಲಕ್ಕೆ ಹಾಸಿ. ಮೇಲೆ ಉಳಿದ ಪದರಗಳನ್ನು ಸುಕ್ಕಿಲ್ಲದಂತೆ ಹರಡಿ. ನಾಲ್ಕು ಮೂಲೆಗೂ ಭಾರ ಇಡಿ. ನಮ್ಮ ಮನೆಯ ಕಲಬತ್ತು, ಕುಕ್ಕರ್, ಎರಡು ಅಕ್ಕಿಯ ಡಬ್ಬಿಗಳು ಆ ದಿನ ಕೌದಿಗೆ ಕಾವಲು ಕೂತವು. ಈಗ ಕಚ್ಚಾ ಹೊಲಿಗೆ: ನಡುವಿನಿಂದ ಹೊರಟು ಅಂಚಿನ ಕಡೆಗೆ, ಗೇಣಿಗೊಂದರಂತೆ ಉದ್ದುದ್ದ ಟಾಕುಗಳು. ಇದನ್ನು ಬೇಸರವೆಂದು ಬಿಡಬೇಡಿ. ಕೌದಿಯ ನಿಜವಾದ ಹೊಲಿಗೆ ಅಂಚಿನಿಂದ ಒಳಗೆ ಸುತ್ತುತ್ತ ಹೋಗುವುದರಿಂದ, ಪದರಗಳು ಸರಿದರೆ ಸುಕ್ಕೆಲ್ಲ ನಡುವೆ ಬಂದು ಗುಡ್ಡೆಯಾಗುತ್ತದೆ. ಧೋತರದ ಹೆಚ್ಚುವರಿ ಅಂಚನ್ನು ಮೇಲಕ್ಕೆ ಎರಡು ಸಲ ಮಡಚಿದರೆ ಪಟ್ಟಿ ಸಿದ್ಧ.

ದಪ್ಪ ಕೌದಿಗೆ ದಬ್ಬಣ ಬೇಕು. ಈ ನಾಲ್ಕು ಪದರಕ್ಕೆ ದೊಡ್ಡ ಕಣ್ಣಿನ ಸೂಜಿ ಸಾಕು. ದಪ್ಪ ಹತ್ತಿ ದಾರ ತೆಗೆದುಕೊಳ್ಳಿ. ಎರಡು ಮೊಳಕ್ಕಿಂತ ಉದ್ದದ ದಾರ ಪೋಣಿಸಿದರೆ ಸಿಕ್ಕಾಗುತ್ತದೆ. ಗಂಟನ್ನು ಪದರಗಳ ನಡುವೆ ಅಡಗಿಸಿ, ಮೇಲೊಮ್ಮೆ ಕೆಳಗೊಮ್ಮೆ ಸಾಗುವ ಸಾದಾ ಹೊಲಿಗೆ ಹಾಕುತ್ತ ಹೋಗಿ. ಒಂದೊಂದು ಟಾಕು ಜೋಳದ ಕಾಳಿನಷ್ಟು, ಸಾಲಿನಿಂದ ಸಾಲಿಗೆ ಎರಡು ಸೆಂಟಿಮೀಟರ್. ಒಂದು ಸುತ್ತು ಮುಗಿದರೆ ಒಳಗೆ ಇನ್ನೊಂದು ಸುತ್ತು. ಲೆಕ್ಕ ಹಾಕಿದರೆ ಈ ಅಳತೆಯ ಕೌದಿಗೆ ಸುಮಾರು 34 ಮೀಟರ್ ಹೊಲಿಗೆ ಬೀಳುತ್ತದೆ. ದಿನಕ್ಕೆ ಅರ್ಧ ಗಂಟೆ ಕೂತರೆ ಕತ್ತರಿಸುವುದು, ಕೂಡಿಸುವುದು ಎಲ್ಲ ಸೇರಿ ಒಂದು ತಿಂಗಳಲ್ಲಿ ಮುಗಿಯುತ್ತದೆ.

ಇದರಲ್ಲಿ ಸೃಜನಶೀಲತೆ ಎಲ್ಲಿ ಎಂದು ಕೇಳಬಹುದು. ನನಗೂ ಆರು ಸುತ್ತಿನವರೆಗೆ ಅದು ಕಾಣಲಿಲ್ಲ. ಏಳನೆಯ ಸುತ್ತಿನಲ್ಲಿ ಅವ್ವನ ಸೀರೆಯ ಒಂದು ಚೌಕದಲ್ಲಿ ಹಳೆಯ ಸುಟ್ಟ ತೂತು ಎದುರಾಯಿತು. ಒಲೆಯ ಕಿಡಿ ಹಾರಿ ಆದದ್ದು. ನೇರ ಹೊಲಿಗೆ ಅದರ ಮೇಲೆ ಹೋಗುವಂತಿರಲಿಲ್ಲ. ತೂತಿನ ಮೇಲೆ ಹಸಿರು ಖಣದ ಚಿಕ್ಕ ತ್ರಿಕೋನವಿಟ್ಟು ಅದರ ಸುತ್ತ ಬಳಸಿಕೊಂಡು ಹೊಲಿದೆ. ಮುಂದಿನ ಸುತ್ತು ಆ ಬಾಗನ್ನೇ ಅನುಸರಿಸಿತು, ಅದರ ಮುಂದಿನದೂ ಅನುಸರಿಸಿತು. ನೀರಿಗೆ ಕಲ್ಲು ಎಸೆದಾಗ ಏಳುವ ಅಲೆಗಳಂತೆ ಆ ತ್ರಿಕೋನದ ಸುತ್ತ ಗೆರೆಗಳು ಎದ್ದವು. ಅದನ್ನು ನಾನು ಯೋಚಿಸಿ ಮಾಡಿರಲಿಲ್ಲ. ಅಜ್ಜಿ ನೋಡಿದರು, ಬೆರಳಾಡಿಸಿದರು, ‘ಹೂಂ’ ಎಂದರು. ಅವರಿಂದ ಅಷ್ಟು ಬಂದರೆ ಹಬ್ಬ.

ಮೂಲೆಗೊಂದು ಕಸೂತಿ ಗೋಪುರ

ಕೌದಿ ಕೈಗೆ ಲಯ ಕೊಡುತ್ತದೆ, ಕಸೂತಿ ಕಣ್ಣಿಗೆ ಲೆಕ್ಕ ಕೊಡುತ್ತದೆ. ಬಟ್ಟೆಯ ಎಳೆಗಳನ್ನು ಎಣಿಸುತ್ತ ಹಾಕುವ ಹೊಲಿಗೆ ಇದು. ಪೆನ್ಸಿಲ್ ಗುರುತು ಇಲ್ಲ, ಗಂಟೂ ಇಲ್ಲ. ನಾಲ್ಕು ಬಗೆ: ಗವಂತಿ, ಮುರಗಿ, ನೇಗಿ, ಮೆಂತಿ. ಗವಂತಿ ನೇರ ಗೆರೆಗೆ, ಮುರಗಿ ಮೆಟ್ಟಿಲಿನಂತೆ ಅಂಕುಡೊಂಕಾಗಿ ಸಾಗುವುದಕ್ಕೆ, ನೇಗಿ ನೇಯ್ದಂತೆ ತುಂಬುವುದಕ್ಕೆ, ಮೆಂತಿ ಅಡ್ಡಡ್ಡ ಕತ್ತರಿ ಟಾಕು. ಗವಂತಿ ಮತ್ತು ಮುರಗಿಯಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ರೀತಿ ಕಾಣಬೇಕು. ಕಸೂತಿ ಎಂದರೆ ಧಾರವಾಡದ ಹೆಸರು ಮೊದಲು ಬರುತ್ತದೆ, ನಿಜ. ಆದರೆ ಅದು ಅರಳಿದ್ದು ನಮ್ಮ ಇಳಕಲ್ ಸೀರೆಯ ಮೈಮೇಲೆ ಎಂದು ನೆನಪಿಸುವ ಹಕ್ಕು ಬಾಗಲಕೋಟೆಯವರಿಗೆ ಇದ್ದೇ ಇದೆ.

ಸೀರೆಯ ನವಿರಾದ ಎಳೆಗಳನ್ನು ಎಣಿಸಹೋಗಿ ಕಣ್ಣು ಕೆಡಿಸಿಕೊಳ್ಳಬೇಡಿ. ಅಂಗೈಯಗಲ ಮ್ಯಾಟಿ ಬಟ್ಟೆ ತನ್ನಿ. ಅದರ ನೇಯ್ಗೆಯ ಮನೆಗಳು ಎದ್ದು ಕಾಣುತ್ತವೆ. ಕಸೂತಿ ದಾರದಲ್ಲಿ ಆರು ಎಳೆಗಳಿರುತ್ತವೆ, ಎರಡನ್ನು ಬೇರ್ಪಡಿಸಿ ಮೊಂಡು ಸೂಜಿಗೆ ಪೋಣಿಸಿ. ಗಂಟು ಹಾಕದೆ ನಾಲ್ಕು ಬೆರಳಿನಷ್ಟು ದಾರವನ್ನು ಹಾಗೆಯೇ ಬಿಡಿ. ಕೊನೆಯಲ್ಲಿ ಅದನ್ನು ಟಾಕುಗಳ ನಡುವೆ ನೇಯ್ದು ಮುಚ್ಚಬಹುದು.

ಮೊದಲ ಗೋಪುರ ಹೀಗೆ. ಒಂದು ಟಾಕು ಎಂದರೆ ಎರಡು ಮನೆ. ಕೆಳಗಿನ ಎಡ ಮೂಲೆಯಿಂದ ಮೇಲೆ ಒಂದು, ಬಲಕ್ಕೆ ಒಂದು, ಮೇಲೆ ಒಂದು, ಬಲಕ್ಕೆ ಒಂದು, ಮೇಲೆ ಒಂದು, ಬಲಕ್ಕೆ ಒಂದು. ಅದು ಶಿಖರ. ಈಗ ಕೆಳಗೆ, ಬಲಕ್ಕೆ, ಕೆಳಗೆ, ಬಲಕ್ಕೆ, ಕೆಳಗೆ. ಅಲ್ಲಿಂದ ಎಡಕ್ಕೆ ಐದು ಟಾಕು ಹಾಕಿದರೆ ಹೊರಟ ಜಾಗಕ್ಕೆ ಬರುತ್ತೀರಿ, ಒಟ್ಟು 16. ಆದರೆ ಇವು ಒಂದು ಬಟ್ಟೆಯ ಮೇಲೆ, ಮುಂದಿನದು ಕೆಳಗೆ ಎಂಬಂತೆ ಬಿದ್ದಿರುವುದರಿಂದ ಮುಂದಿನ ಮಗ್ಗುಲಲ್ಲಿ ಅರ್ಧ ಗೋಪುರ ಮಾತ್ರ ಕಾಣುತ್ತದೆ. ಗಾಬರಿ ಬೇಡ. ಬಂದ ದಾರಿಯಲ್ಲೇ, ಅವೇ ತೂತುಗಳಲ್ಲಿ ಹಿಂದಿರುಗಿ. ಬಿಟ್ಟುಹೋದ ಜಾಗಗಳೆಲ್ಲ ತುಂಬಿಕೊಂಡು ಗೋಪುರ ಎರಡೂ ಕಡೆ ಪೂರ್ತಿಯಾಗುತ್ತದೆ. ಒಂದೇ ಒಂದು ಟಾಕು ಎಣಿಕೆ ತಪ್ಪಿದ್ದರೂ ಹಿಂದಿರುಗುವಾಗ ಸಿಕ್ಕಿಬೀಳುತ್ತದೆ. ಕಚೇರಿಯಲ್ಲಿ ಲೆಕ್ಕಪತ್ರ ನೋಡುವ ನನಗೆ ಇದು ಬಹಳ ಹಿಡಿಸಿತು.

ಮೂರು ಗೋಪುರಗಳನ್ನು ಹೇಳಿದಂತೆಯೇ ಹಾಕಿ. ನಾಲ್ಕನೆಯದಕ್ಕೆ ಒಂದು ಮೆಟ್ಟಿಲು ಸೇರಿಸಿ, ಐದನೆಯದಕ್ಕೆ ಮೇಲೆ ಕಳಶ ಇಡಿ. ನಕಲು ಮಾಡಲು ನಾಚಬೇಡಿ. ತೇರು, ಆನೆ ಅಂಬಾರಿ, ತುಳಸಿ ಕಟ್ಟೆ, ನವಿಲು ಇವೆಲ್ಲ ಒಬ್ಬರ ಸೀರೆಯಿಂದ ಇನ್ನೊಬ್ಬರ ಸೀರೆಗೆ ಎಣಿಸಿಕೊಂಡೇ ಸಾಗಿ ಬಂದವು. ಚೆನ್ನಾಗಿ ಬಂದ ತುಂಡನ್ನು ಕೌದಿಯ ಮೂಲೆಗೆ ಹಚ್ಚಿ.

ಪೆನ್ಸಿಲ್ ಹಿಡಿದು ಪಟ್ಟದಕಲ್ಲಿಗೆ

ಗೋಪುರ ಹೊಲಿದವರಿಗೆ ಪಟ್ಟದಕಲ್ಲು ಬೇರೆಯೇ ಕಾಣುತ್ತದೆ. ಚಾಲುಕ್ಯರ ದೊರೆ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಿಖರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಮುರಗಿಗೆಂದೇ ಮಾಡಿದಂತೆ. ಅದೇ ಅಂಗಳದ ಕಾಶಿ ವಿಶ್ವನಾಥ ದೇವಾಲಯದ್ದು ಒಳಕ್ಕೆ ಬಾಗುತ್ತ ಏರುವ ನಾಗರ ಶಿಖರ. ಅದನ್ನು ಎಳೆ ಎಣಿಸಿ ಹಾಕಲು ಹೋದರೆ ಬಾಗು ಮುರಿದು ಹಲ್ಲು ಹಲ್ಲಾಗುತ್ತದೆ. ಸೂಜಿ ಕೈಚೆಲ್ಲಿದ ಆ ಬಾಗಿಗಾಗಿಯೇ ಪೆನ್ಸಿಲ್ ಹಿಡಿಯಿರಿ.

ಅಂಗೈಯಗಲದ ನೋಟ್‌ಬುಕ್, ಒಂದು ಪೆನ್ಸಿಲ್. ರಬ್ಬರ್ ಮನೆಯಲ್ಲೇ ಇರಲಿ. ಶಿಖರದ ಎಡ ಅಂಚನ್ನು ಕಣ್ಣಿನಿಂದ ಕೆಳಗಿನಿಂದ ಮೇಲಕ್ಕೆ ಇರುವೆ ಹತ್ತಿದಂತೆ ನಿಧಾನ ಹತ್ತಿ, ಪೆನ್ಸಿಲ್ ಅದೇ ವೇಗದಲ್ಲಿ ಹಾಳೆಯ ಮೇಲೆ ಸಾಗಲಿ, ಹಾಳೆಯನ್ನು ನೋಡಬೇಡಿ. ಫಲ ನಗೆಪಾಟಲಾಗಿರುತ್ತದೆ. ಐದು ಸಲ ಮಾಡಿ. ಐದನೆಯದರಲ್ಲಿ ಎಲ್ಲೋ ಒಂದು ಇಂಚು ಗೆರೆ ನಿಜವಾಗಿ ಆ ಕಲ್ಲಿನದೇ ಆಗಿರುತ್ತದೆ.

ಬಾದಾಮಿಗೂ ಹೋಗಿ. ಮೊದಲ ಗುಹೆಯ ನಟರಾಜನಿಗೆ 18 ಕೈಗಳು. ಇಡೀ ಮೂರ್ತಿಯನ್ನು ಬಿಡಿಸುವ ಆಸೆಗೆ ಬೀಳಬೇಡಿ. ಬರೀ ಮೂರು ಕೈ ಆರಿಸಿಕೊಳ್ಳಿ. ಅರ್ಧ ಗಂಟೆಗೆ ಅದೇ ಹೆಚ್ಚಾಯಿತು. ಭಾನುವಾರದ ಜನಜಂಗುಳಿಯಲ್ಲಿ ಹೆಗಲ ಮೇಲಿಂದ ಇಣುಕುವವರು, ‘ಮೇಡಂ, ನೀವು ಆರ್ಟಿಸ್ಟಾ?’ ಎನ್ನುವವರು ಸಿಗುತ್ತಾರೆ. ಅಲ್ಲ ಎಂದು ಹೇಳಿ ಮುಂದುವರಿಸಿ. ಹಾಗೆ ಹೇಳಿದ ಮೇಲೆ ಕೈ ಎಷ್ಟು ಹಗುರವಾಗುತ್ತದೆ ಎಂದು ಮಾಡಿಯೇ ನೋಡಬೇಕು. ಮಂಗಗಳ ಬಗ್ಗೆ ಮಾತ್ರ ಹುಷಾರಾಗಿರಿ. ಚೀಲದಲ್ಲಿ ತಿಂಡಿ ಇಟ್ಟುಕೊಂಡು ಚಿತ್ರ ಬಿಡಿಸುವ ಜಾಗವಲ್ಲ ಅದು.

ಎರೆಮಣ್ಣಿನ ಎತ್ತು

ಗೆರೆಯ ಬಾಗು ಗೊತ್ತಾದ ಮೇಲೆ ಮಣ್ಣಿಗೆ ಬನ್ನಿ. ಎತ್ತಿನ ಇಣಿಯಲ್ಲಿ, ಅಂದರೆ ಡುಬ್ಬದಲ್ಲಿ, ಅದೇ ಬಾಗು ಮುದ್ದೆಯಾಗಿ ಸಿಗುತ್ತದೆ. ಹೊಲದ ಎರೆಮಣ್ಣನ್ನು ಜರಡಿ ಹಿಡಿದು ರಾತ್ರಿ ನೆನೆಹಾಕಿ, ಬೆಳಗ್ಗೆ ರೊಟ್ಟಿಯ ಹಿಟ್ಟಿನ ಹದಕ್ಕೆ ನಾದಿ. ಈ ಮಣ್ಣು ಒಣಗುವಾಗ ಬಹಳ ಕುಗ್ಗುವುದರಿಂದ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ನಮ್ಮ ಹೊಲಗಳು ಬಾಯಿ ಬಿಡುವುದೂ ಅದಕ್ಕೇ. ಒಂದಿಷ್ಟು ಉಸುಕು, ಬಿಡಿಸಿದ ಹತ್ತಿ ಸೇರಿಸಿ ನಾದಿದರೆ ತಾಳುತ್ತದೆ. ಕಾಲುಗಳನ್ನು ಗೂಟದಂತೆ ದಪ್ಪಗೆ ಮಾಡಿ; ತೆಳು ಕಾಲಿನ ಎತ್ತು ಸಂಜೆಯೊಳಗೆ ಮಂಡಿಯೂರುತ್ತದೆ. ಕಣ್ಣಿಗೆ ಗುಲಗಂಜಿ, ಕೋಡಿಗೆ ಕುಸುಬಿ ಕಾಳು. ಗುಲಗಂಜಿ ವಿಷ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬೇಡ. ನೆರಳಿನಲ್ಲಿ ಒಣಗಿಸಿ. ಹಬ್ಬ ಬರುವವರೆಗೆ ಕಾಯಬೇಕಿಲ್ಲ.

ಕೈ ನಿಂತಾಗ

ನಿಲ್ಲುತ್ತದೆ. ಮದುವೆ, ಪರೀಕ್ಷೆ, ಜ್ವರ, ಮಾರ್ಚ್ ತಿಂಗಳ ಲೆಕ್ಕ ಏನಾದರೊಂದು ಬರುತ್ತದೆ. ಆಗ ಹೊಸ ಹವ್ಯಾಸ ಹುಡುಕಬೇಡಿ, ಹೊಸ ಸಾಮಾನು ಕೊಳ್ಳಬೇಡಿ. ಅರ್ಧಕ್ಕೆ ನಿಂತ ಸೂಜಿ ಎಲ್ಲಿ ಚುಚ್ಚಿದೆಯೋ ಅಲ್ಲಿಂದ ಹತ್ತು ಟಾಕು ಹಾಕಿ ಎತ್ತಿಡಿ. ಫೋಟೊವನ್ನು ಎಲ್ಲರಿಗೂ ಕಳಿಸುವ ಚಪಲ ಬಂದರೆ ಕೆಲಸ ಮುಗಿಯುವವರೆಗೆ ತಡೆದುಕೊಳ್ಳಿ. ಅರ್ಧ ಕೌದಿಗೆ ಬಂದ ಹೊಗಳಿಕೆ ಉಳಿದರ್ಧವನ್ನು ತಿಂದುಹಾಕುತ್ತದೆ. ತಪ್ಪಿದ ಟಾಕು ಬಿಚ್ಚಬೇಕೇ ಎಂದು ಹಲವರು ಕೇಳುತ್ತಾರೆ. ಕಸೂತಿಯಲ್ಲಿ ಬಿಚ್ಚಿ, ಇಲ್ಲದಿದ್ದರೆ ಮುಂದಿನ ಲೆಕ್ಕ ಕೂಡುವುದಿಲ್ಲ. ಕೌದಿಯಲ್ಲಿ ಬಿಚ್ಚಬೇಡಿ.

ನನ್ನ ಎರಡನೆಯ ಕೌದಿ ಶ್ರಾವಣದಲ್ಲಿ ಮುಗಿಯಿತು. ಮೂಲೆಯಲ್ಲಿ ಕಸೂತಿ ಗೋಪುರ, ನಡುವೆ ಹಸಿರು ತ್ರಿಕೋನ, ಅದರ ಸುತ್ತ ಅಲೆಗಳು. ಜಮಖಂಡಿಯಲ್ಲಿರುವ ಅಕ್ಕನ ಮನೆಗೆ ಒಯ್ದೆ. ಎಲ್ಲರೂ ಸುತ್ತ ಕೂತು ನೋಡುತ್ತಿರುವಾಗಲೇ ಅಕ್ಕ ಅದನ್ನು ಹಾಸಿ ಮೊಮ್ಮಗನನ್ನು ಮಲಗಿಸಿದಳು. ಹತ್ತು ನಿಮಿಷದಲ್ಲಿ ಅವನು ಉಚ್ಚೆ ಹೊಯ್ದ. ಒಗೆದು ಹಿತ್ತಲಿನ ತಂತಿಗೆ ಹಾಕಿದೆವು. ನಾನು ಎರಡು ಸಲ ಹೋಗಿ ನೋಡಿಬಂದೆ, ಬಣ್ಣ ಬಿಟ್ಟಿರಲಿಲ್ಲ.